ಗಡಿ ದಾಟಿ ಬಿದ್ದ ಗರಗಸ ಗಂಗಪ್ಪ

ಒಂದಾನೊಂದು ಊರಿನಲ್ಲಿ ಎಲ್ಲವೂ ಮೆತ್ತಗಿತ್ತು. ಊರಿನ ಹೆಸರೇ ಮೆತ್ತನಪುರ. ಎಲ್ಲಿದೆ ಅಂತ ಕೇಳಬೇಡಿ. ಮೊನ್ನೆ ಒಬ್ಬ ಕೇಳಿದ, ಅವನನ್ನ ಕತೆ ಹೇಳದೇ ಎಬ್ಬಿಸಿ ಕಳಿಸಿದೆ. ನಿಮ್ಮ ಕೆಲಸ ಇಷ್ಟೇ, ನಡುನಡುವೆ ಹ್ಞೂಂ ಅನ್ನೋದು. ಹ್ಞೂಂ ಅನ್ನೋರಿಲ್ಲದಿದ್ರೆ ಕತೆಗೆ ತೂಕಡಿಕೆ ಬರುತ್ತೆ, ನನಗೆ ಸಿಟ್ಟು ಬರುತ್ತೆ.

ಆ ಊರಿಗೆ ನಾಜೂಕರಾಜ ಅಂತ ಒಬ್ಬ ರಾಜ. ಅವನಿಗೆ ಸದ್ದು ಅಂದ್ರೆ ಆಗದು, ಒರಟು ಅಂದ್ರೆ ಆಗದು. ಹೊಡೆಯೋದು, ಬಡಿಯೋದು, ಕುಟ್ಟೋದು, ಒದೆಯೋದು, ಒಡೆಯೋದು, ಯಾವುದೂ ನನ್ನ ಸೀಮೆಯಲ್ಲಿ ಕೂಡದು ಅಂತ ಡಂಗುರ ಸಾರಿಸಿದ. ಸಾರೋಕೆ ತಮಟೆ ಹೊಡೆಯೋ ಹಾಗಿಲ್ಲವಲ್ಲ, ಅದಕ್ಕೇ ತಮಟೆಯವನು ತಮಟೆಯ ಬೆನ್ನು ಸವರಿಕೊಂಡು ಬೀದಿಬೀದಿ ತಿರುಗಿದ. ಯಾರಿಗೂ ಕೇಳಿಸಲಿಲ್ಲ, ಆದರೂ ಎಲ್ಲರೂ ಪಾಲಿಸಿದರು.

ಅಗಸರು ಬಟ್ಟೆನ ಕಲ್ಲಿಗೆ ಬಡಿಯೋದು ಬಿಟ್ಟು, ನಿನ್ನ ದಮ್ಮಯ್ಯ, ಕೊಳೆ ಬಿಟ್ಟುಬಿಡಪ್ಪಾ ಅಂತ ಬಟ್ಟೆನೇ ಬೇಡಿಕೊಂಡರು. ದೇವಸ್ಥಾನದಲ್ಲಿ ಕಾಯಿ ಒಡೆಯೋ ಹಾಗಿಲ್ಲ. ಪೂಜಾರಿ ಕಾಯಿ ಮುಂದೆ ಕೈಮುಗಿದು ಕೂತು, ತಾವಾಗಿಯೇ ಬಿರಿಯಬೇಕು ಸ್ವಾಮಿ ಅಂತ ಕೇಳಿಕೊಳ್ಳೋನು. ಬಿರಿಯೋಕೆ ಕಾಯಿಗೇನು ದರ್ದು? ಒಡೆಯದ ಕಾಯಿಗಳ ರಾಶಿ ಗೋಪುರದ ಎತ್ತರಕ್ಕೆ ಬೆಳೀತು. ಊರವರು ಚಟ್ನಿ ತಿಂದು ಯಾವ ಕಾಲವಾಗಿತ್ತೋ.

ಗಂಡ ಹೆಂಡಿರ ಮಾತೂ ಪಿಸುಪಿಸು. ಸಾರಿಗೆ ಉಪ್ಪು ಕಮ್ಮಿ ಆಯ್ತೇನೋ ದೊರೆ ಅಂತ ರಾಣಿ ಚೆಲುವಾಂಬೆ ಪಿಸುಗುಟ್ಟೋಳು. ಇಲ್ಲ ದೇವಿ, ನನ್ನ ನಾಲಿಗೆಯೇ ಹೆಚ್ಚಾಯ್ತು ಅಂತ ರಾಜ ಪಿಸುಗುಟ್ಟೋನು. ಮದುವೆಯಾದಾಗಿನಿಂದ ಒಬ್ಬರ ಗಟ್ಟಿ ದನಿ ಇನ್ನೊಬ್ಬರ ಕಿವಿಗೆ ಬಿದ್ದೇ ಇರಲಿಲ್ಲ. ಇದನ್ನ ಸೆರಗಿಗೆ ಗಂಟು ಹಾಕಿಕೊಂಡಿರಿ, ಮುಂದೆ ಬೇಕಾಗುತ್ತೆ.

ಊರ ಗಡಿಯಲ್ಲಿ ಒಂದು ಕಲ್ಲು. ಆ ಕಲ್ಲು ಮಾತಾಡೋದು. ಯಾಕಂದ್ರೆ ಅದು ಹುಟ್ಟಿನಿಂದ ಕಲ್ಲಲ್ಲ, ಬಳೆಗಾರ. ಮೆತ್ತನಪುರದ ಕಟ್ಟಳೆ ಹಾಗಿತ್ತು. ಹೊರಗಿನವನು ಊರೊಳಗೆ ಬಂದರೆ, ಇವನು ನನಗೆ ಗೊತ್ತು ಅಂತ ಊರೊಳಗಿನವರು ಯಾರಾದರೂ ಒಬ್ಬರು ಹೇಳಬೇಕು. ಹೇಳೋರಿಲ್ಲ ಅಂದ್ರೆ ಅವನನ್ನ ಗಡಿಕಲ್ಲಾಗಿ ನೆಟ್ಟುಬಿಡೋದು. ಹೊಡೆಯಲ್ಲ, ಬಡಿಯಲ್ಲ, ಮೆತ್ತಗೆ ನೆಡೋದು. ಪಾಪ, ಬಳೆಗಾರ ಬಂದ ದಿನ ಹೆಂಗಸರೆಲ್ಲ ಹೊಳೆಗೆ ಹೋಗಿದ್ದರು.

ಕಲ್ಲಿನಿಂದ ಆಚೆಗೆ ರಾಜನ ಕಾನೂನು ನಡೆಯೋದಿಲ್ಲ. ಅಲ್ಲಿ, ಇದೇ ಊರಲ್ಲಿ ಹುಟ್ಟಿ ಆಚೆಗೆ ಹೋದ ಸಣ್ಣೀರಮ್ಮ ಅನ್ನೋ ಗಟ್ಟಿಗಿತ್ತಿ ಟೆಂಟು ಹಾಕಿದ್ದಳು. ದಿನಾ ಸಂಜೆ ಒಂದೇ ಆಟ, ಒಂದೇ ಸಿನಿಮಾ. ಹೆಸರು ‘ಒದ್ದರೆ ಊರಾಚೆ’. ಕತೆ ಏನು ಅಂದ್ರೆ, ಕತೆ ಇಲ್ಲ. ಸಿಡಿಲಣ್ಣ ಅಂತ ಹೀರೋ, ಗರಗಸ ಗಂಗಪ್ಪ ಅಂತ ವಿಲನ್. ಸಿಡಿಲಣ್ಣ ಬಂದೂಕಿನ ಗುಂಡನ್ನ ಹಲ್ಲಲ್ಲಿ ಹಿಡಿದು, ಹುರಿಗಡಲೆ ಹಾಗೆ ಅಗಿದು, ಉಪ್ಪಿಲ್ಲ ಅಂತ ಉಗಿಯೋನು. ಬೆವರು ಒರೆಸಿ ಕೊಡವಿದರೆ ಹನಿ ತಾಗಿ ಜೀಪು ಮಗುಚಿಕೊಳ್ಳೋದು. ಅವನು ಕಾಲೆತ್ತಿ ಒದ್ದ ಅಂದ್ರೆ ಗಂಗಪ್ಪ ಮಡಕೆ ಅಂಗಡಿ ತೂರಿ, ಹುಲ್ಲಿನ ಗಾಡಿ ತೂರಿ, ಬಾಳೆಹಣ್ಣಿನ ಗೊನೆ ತೂರಿ, ಎಮ್ಮೆ ಮೇಲೆ ಬಿದ್ದು, ಮೈ ಕೊಡವಿ ಎದ್ದು ಬಂದು ಇನ್ನೊಂದು ಒದೆಗೆ ನಿಲ್ಲೋನು. ತಲೆಬುಡ ಇಲ್ಲದ ಸಿನಿಮಾ. ನೋಡಿದವರು ಥೂ ಅನ್ನಬೇಕು. ಥೂ ಅನ್ನೋಕೆ ಬಾಯಿ ಬಿಡುವಾಗಿರಬೇಕಲ್ಲ, ಬಾಯಲ್ಲಿ ಸಿಳ್ಳೆ ಇತ್ತು.

ಯಾರ ಬಾಯಲ್ಲಿ ಅಂತೀರಾ? ಮೆತ್ತನಪುರದವರದೇ. ಸಂಜೆಯಾದ್ರೆ ಊರಿಗೆ ಊರೇ ಭಜನೆಗೆ ಹೋಗಿಬರ್ತೀನಿ ಅಂತ ಹೊರಡೋದು. ಎಲ್ಲರಿಗೂ ಕಂಬಳಿ ಕೊಪ್ಪೆ, ನೆತ್ತಿಯಿಂದ ಮೊಣಕಾಲಿನವರೆಗೆ. ಮಳೆ ಇಲ್ಲ, ಚಳಿ ಇಲ್ಲ, ಆದರೂ ಕೊಪ್ಪೆ. ಯಾವ ದೇವರ ಭಜನೆ ಅಂತ ಯಾರೂ ಯಾರನ್ನೂ ಕೇಳಲಿಲ್ಲ, ಕೇಳಿದರೆ ತಾವೂ ಹೇಳಬೇಕಾಗುತ್ತಲ್ಲ. ಹೆಂಗಸರು ಆಕಡೆ, ಗಂಡಸರು ಈಕಡೆ ಅಂತ ಸಣ್ಣೀರಮ್ಮ ನಡುವೆ ಹಗ್ಗ ಕಟ್ಟಿದ್ದಳು. ಕೊಪ್ಪೆ ಹಾಕಿದ ಮೇಲೆ ಯಾರು ಯಾವ ಕಡೆ ಅಂತ ಆ ಹಗ್ಗಕ್ಕೂ ತಿಳೀಲಿಲ್ಲ. ಗಡಿಕಲ್ಲು ಮಾತ್ರ ನೆಲದ ಮಟ್ಟದಲ್ಲಿ ಇದ್ದದ್ದರಿಂದ ಪಾದ ನೋಡಿ ಗುರುತು ಹಿಡಿಯೋದು. ಒಂದು ಜೊತೆ ನುಣುಪು ಪಾದ ಬಂದಾಗ, ದೊರೆಗಳು ಭಜನೆಗೆ ಹೊರಟ್ರಾ ಅಂತ ಕೇಳೋದು. ಪಾದ ಓಡಿಬಿಡೋದು.

ಹೌದು, ನಾಜೂಕರಾಜನೇ. ಹ್ಞೂಂ ಅನ್ನಿ.

ಟೆಂಟಿನಲ್ಲಿ ನೆಲದ ಮೇಲೆ ಮರಳು. ಮುಂದಿನವರ ತಲೆ ಅಡ್ಡ ಬಾರದಿರಲಿ ಅಂತ ಎಲ್ಲರೂ ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರೋರು. ರಾಜನ ಗುಡ್ಡೆ ಎಲ್ಲರದಕ್ಕಿಂತ ಎತ್ತರ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ. ಅವನ ಹಿಂದೆ ದಿನಾ ಒಂದು ಕೊಪ್ಪೆ ಬಂದು ಕೂರೋದು. ಸಿಡಿಲಣ್ಣ ಕಾಲೆತ್ತೋ ಹೊತ್ತಿಗೆ ಸರಿಯಾಗಿ ಆ ಕೊಪ್ಪೆ ಗಂಟಲು ಹರಿಯೋ ಹಾಗೆ ಕೂಗೋದು.

"ಏಯ್ ಮುಂದ್ಗಡೆಯೋನೇ, ಗುಡ್ಡೆ ಇಳಿಸೋ!"

"ನಿನ್ನ ಕತ್ತು ಉದ್ದ ಮಾಡ್ಕೊಳ್ಳೋ" ಅಂತ ರಾಜ ತಿರುಗಿ ನೋಡದೇ ಕೂಗೋನು.

ನೀನೇನು ಮಹಾರಾಜನೋ ಅಂತ ಆ ಕೊಪ್ಪೆ ಕೇಳೋದು. ರಾಜ ಇನ್ನೆರಡು ಬೊಗಸೆ ಮರಳು ಏರಿಸಿಕೊಳ್ಳೋನು. ಹಗಲೆಲ್ಲ ಪಿಸುಗುಟ್ಟಿ ಸೋತ ಅವನಿಗೆ ಆ ಜಗಳದಲ್ಲಿ ಸಿಗುತ್ತಿದ್ದ ಸುಖ ಸಿಂಹಾಸನದಲ್ಲಿ ಸಿಗುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ, ರಾಜನಿಗೆ ಹುರುಪು ತಡೆಯಲಾಗಲಿಲ್ಲ. ಸಿಡಿಲಣ್ಣ ಕಾಲೆತ್ತಿದ್ದೇ ತಡ, ಎರಡು ಬೆರಳನ್ನ ನಾಲಿಗೆ ಕೆಳಗಿಟ್ಟು ಸಿಳ್ಳೆ ಹಾಕಿದ. ಅಂಥ ಸಿಳ್ಳೆ ಸಿಡಿಲಣ್ಣ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವನಿಗೆ ರೋಮಾಂಚನ ಆಗಿ, ರೂಢಿಗಿಂತ ಜೋರಾಗಿ ಒದ್ದುಬಿಟ್ಟ. ಗಂಗಪ್ಪ ಮಡಕೆ ತೂರಿದ, ಹುಲ್ಲು ತೂರಿದ, ಬಾಳೆಹಣ್ಣು ತೂರಿದ. ಎಮ್ಮೆ ಮೇಲೆ ಬೀಳಬೇಕಿತ್ತು, ಬೀಳಲಿಲ್ಲ. ಪರದೆ ತೂರಿದ. ಜನರ ತಲೆ ದಾಟಿ, ಟೆಂಟು ದಾಟಿ, ಗಡಿಕಲ್ಲು ದಾಟಿ, ಮೆತ್ತನಪುರದ ದೇವಸ್ಥಾನದ ಕಾಯಿ ರಾಶಿ ಮೇಲೆ ಫಟಾರ್ ಅಂತ ಬಿದ್ದ. ಅಲ್ಲಿದ್ದ ಕಾಯೆಲ್ಲ ಒಡೆದುಹೋದವು.

ಬೆಳಿಗ್ಗೆ ಭಟರು ಅವನನ್ನ ಮಲ್ಲಿಗೆ ಹಾರದಲ್ಲಿ ಕಟ್ಟಿ ಆಸ್ಥಾನಕ್ಕೆ ತಂದರು. ಹಗ್ಗ ಒರಟು ನೋಡಿ. ಕಾಯಿ ಒಡೆದ ತಪ್ಪನ್ನ ಮನ್ನಿಸಬಹುದಿತ್ತು, ಯಾಕಂದ್ರೆ ಆವತ್ತು ಪ್ರತಿ ಮನೆಯಲ್ಲೂ ಚಟ್ನಿ ಆಗಿತ್ತು, ಮಂತ್ರಿಯ ಮೀಸೆಗೂ ಒಂದಿಷ್ಟು ಅಂಟಿತ್ತು. ಆದರೆ ಕಟ್ಟಳೆ ಬಿಡುತ್ತಾ? ಇವನ ಗುರುತು ಯಾರಿಗಾದರೂ ಉಂಟೇ ಅಂತ ಮಂತ್ರಿ ಕೇಳಿದ.

ಎಲ್ಲರಿಗೂ ಉಂಟು. ಅವನ ಎಡಗಿವಿಯ ಕೆಳಗಿನ ಮಚ್ಚೆ ಕೂಡ ಗೊತ್ತು. ಆದರೆ ಗೊತ್ತು ಅಂದ್ರೆ, ಎಲ್ಲಿ ನೋಡಿದ್ದು ಅಂತ ಕೇಳ್ತಾರಲ್ಲ. ಎಲ್ಲರೂ ತಂತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತರು. ಮಂತ್ರಿ ಹೇಳಲಿ ಅಂತ ರಾಜ ಕಾದ, ಪೂಜಾರಿ ಹೇಳಲಿ ಅಂತ ಮಂತ್ರಿ ಕಾದ, ದೇವರೇ ಹೇಳಲಿ ಅಂತ ಪೂಜಾರಿ ಕಾದ. ದೇವರು ಭಜನೆಗೆ ಹೋಗಿದ್ದನೋ ಏನೋ, ಮಾತಾಡಲಿಲ್ಲ. ಅಷ್ಟರಲ್ಲಿ ಗಡಿಯಿಂದ ಕಲ್ಲು ಕೂಗಿತು, ಅವನು ನನಗೂ ಗೊತ್ತು, ಅಲ್ಲಿರೋ ಎಲ್ಲರಿಗೂ ಗೊತ್ತು ಅಂತ. ಮಂತ್ರಿ ಬೆವರು ಒರೆಸಿಕೊಂಡು, ಕಲ್ಲಿನ ಸಾಕ್ಷಿ ಬಹಳ ಗಟ್ಟಿ, ಮೆತ್ತನಪುರದಲ್ಲಿ ಗಟ್ಟಿ ಸಾಕ್ಷಿ ನಡೆಯೋದಿಲ್ಲ ಅಂದ. ಹುಣ್ಣಿಮೆಯ ಸಂಜೆ ಗಂಗಪ್ಪನನ್ನ ಗಡಿಯಲ್ಲಿ ನೆಡೋದು ಅಂತ ತೀರ್ಮಾನ ಆಯ್ತು.

ಇತ್ತ ಟೆಂಟಿನಲ್ಲಿ ಏನಾಯ್ತು ಕೇಳಿ. ಒದೆ ತಿನ್ನೋನು ಇಲ್ಲದ ಮೇಲೆ ಒದೆಯೋನು ಏನು ಮಾಡ್ತಾನೆ? ಸಿಡಿಲಣ್ಣ ಪರದೆ ಮೇಲೆ ಬಂದು ಕಾಲೆತ್ತಿದ, ಎದುರಿಗೆ ಯಾರೂ ಇಲ್ಲ, ಕಾಲಿಳಿಸಿದ. ಸ್ವಲ್ಪ ಹೊತ್ತು ಆಕಡೆ ಈಕಡೆ ನೋಡಿ, ಕೊನೆಗೆ ಹೀರೋಯಿನ್ ಪಕ್ಕ ಕೂತು ಅವರೆಕಾಯಿ ಸುಲಿಯೋಕೆ ಶುರು ಮಾಡಿದ. ಆಟ ಮುಗಿಯೋವರೆಗೂ ಅವರೆಕಾಯಿ. ಮಾರನೇ ದಿನವೂ ಅವರೆಕಾಯಿ. ಕೊಪ್ಪೆಗಳೊಳಗಿಂದ ಬಿಕ್ಕೋ ಸದ್ದು ಕೇಳಿಸಿತು. ಹಿಂದಿನ ಕೊಪ್ಪೆ ಗುಡ್ಡೆ ಇಳಿಸೋ ಅನ್ನಲಿಲ್ಲ, ಮುಂದಿನ ಕೊಪ್ಪೆ ಗುಡ್ಡೆ ಏರಿಸಲೂ ಇಲ್ಲ.

ಸಣ್ಣೀರಮ್ಮ ಅರಮನೆಗೇ ಬಂದಳು. ಬುದ್ಧಿ, ಯಾರಾದ್ರೂ ಒಬ್ಬರು ಇವನು ಗೊತ್ತು ಅಂದ್ಬಿಡಿ, ಒಂದು ಜೀವ ಉಳೀತದೆ ಅಂತ ಸೆರಗೊಡ್ಡಿದಳು. ರಾಜ ಗಂಗಪ್ಪನನ್ನ ಕರೆಸಿ, ದಿನಾ ಒದೆ ತಿನ್ನೋ ಆ ಜಾಗಕ್ಕೆ ಯಾಕಪ್ಪಾ ವಾಪಸ್ ಹೋಗಬೇಕು ಅಂತ ಮೆತ್ತಗೆ ಕೇಳಿದ.

ಗಂಗಪ್ಪ ಮಲ್ಲಿಗೆ ಹಾರ ಹರಿಯದ ಹಾಗೆ ಕೈಮುಗಿದ. "ಬುದ್ಧಿ, ಅಲ್ಲಿ ಒದ್ದರೂ ಸಿಳ್ಳೆ ಹಾಕ್ತಾರೆ. ನಾನು ಎದ್ದು ಬರ್ತೀನಿ ಅಂತ ಕಾಯ್ತಾರೆ. ಇಲ್ಲಿ ಒದೆಯೋರೂ ಇಲ್ಲ, ಗುರುತು ಹಿಡಿಯೋರೂ ಇಲ್ಲ. ನನಗೆ ಇದೇ ಜಾಸ್ತಿ ನೋವಾಗ್ತದೆ."

ಗೊತ್ತು ಅನ್ನೋ ಮಾತು ರಾಜನ ನಾಲಿಗೆ ತುದಿಗೆ ಬಂತು. ಆದರೂ ಬಾಯಿ ಬಿಡಲಿಲ್ಲ. ಮರ್ಯಾದೆ ಅನ್ನೋದು ಆ ಬಾಯಿಗೆ ಬೀಗ ಹಾಕಿಬಿಟ್ಟಿತ್ತು, ಹಾಳಾದ್ದು.

ಹುಣ್ಣಿಮೆಯ ಸಂಜೆ ಬಂತು. ಗಡಿಯಲ್ಲಿ ಗುಂಡಿ ತೋಡಿದರು. ಪಕ್ಕದಲ್ಲಿ ತೆಗೆದ ಮಣ್ಣಿನ ರಾಶಿ. ಸಿಂಹಾಸನ ತಂದು ಮುಂದೆ ಇಟ್ಟರು, ಹಿಂದೆ ರಾಣಿಯ ಪೀಠ, ಅದರ ಹಿಂದೆ ಊರವರು. ಗಂಗಪ್ಪ ಮೊಣಕಾಲವರೆಗೆ ಗುಂಡಿಯಲ್ಲಿ ನಿಂತ. ಆಗಲೇ ಹೆಬ್ಬೆರಳು ಕಲ್ಲಾಗೋಕೆ ಶುರುವಾಗಿತ್ತು. ಕೊನೇ ಆಸೆ ಏನು ಅಂತ ಮಂತ್ರಿ ಕೇಳಿದ. ಒಂದೇ ಒಂದು ಸಲ ನನ್ನ ಎಂಟ್ರಿ ಸೀನು ಮಾಡಿಬಿಡ್ತೀನಿ ಬುದ್ಧಿ, ಆಮೇಲೆ ಕಲ್ಲಾಗ್ತೀನಿ ಅಂದ ಗಂಗಪ್ಪ.

ಕತ್ತಿನ ಕರ್ಚೀಫು ಬಿಚ್ಚಿದ. ಗಿರ್ರನೆ ತಿರುಗಿಸಿದ. ಗಹಗಹಿಸಿ ನಕ್ಕ.

"ನನ್ನ ಎದುರು ನಿಲ್ಲೋನು ಇನ್ನೂ ತೊಟ್ಟಿಲಲ್ಲವ್ನೆ! ಆ ತೊಟ್ಟಿಲಿಗೆ ಮರ ಇನ್ನೂ ಕಡಿದಿಲ್ಲ! ಆ ಮರದ ಬೀಜ..."

ಅಂತ ಜೇಬಿಗೆ ಕೈ ಹಾಕಿದ.

ಊರವರ ಮೈ ಜುಂ ಅಂತು. ಯಾರಿಗೂ ತಾವೇನು ಮಾಡ್ತಿದ್ದೀವಿ ಅಂತ ಗೊತ್ತಾಗಲಿಲ್ಲ, ಕೈ ತಾನಾಗಿಯೇ ಹೋಯಿತು. ಮಂತ್ರಿ ಒಂದು ಬೊಗಸೆ ಮಣ್ಣು ಎಳೆದುಕೊಂಡ. ಪೂಜಾರಿ ಎರಡು ಬೊಗಸೆ ಎಳೆದುಕೊಂಡ. ನಾಜೂಕರಾಜ ಸಿಂಹಾಸನದಿಂದ ಇಳಿದು, ಗುಂಡಿಯ ಮಣ್ಣನ್ನ ಎಲ್ಲರಿಗಿಂತ ಎತ್ತರಕ್ಕೆ ಗುಡ್ಡೆ ಮಾಡಿ, ಕಿರೀಟದ ಸಮೇತ ಅದರ ಮೇಲೆ ಏರಿ ಕೂತ.

ಹಿಂದಿನಿಂದ ಗಂಟಲು ಹರಿಯೋ ಹಾಗೆ ಕೂಗು ಬಂತು.

"ಏಯ್ ಮುಂದ್ಗಡೆಯೋನೇ, ಗುಡ್ಡೆ ಇಳಿಸೋ!"

"ನಿನ್ನ ಕತ್ತು ಉದ್ದ ಮಾಡ್ಕೊಳ್ಳೋ" ಅಂತ ರಾಜ ಕೂಗಿದ.

ಕೂಗಿ ಆದ ಮೇಲೆ ಅವನಿಗೆ ತಾನೆಲ್ಲಿದ್ದೀನಿ ಅನ್ನೋದು ನೆನಪಾಯಿತು. ರಾಜ ಮೆಲ್ಲಗೆ ತಿರುಗಿ ನೋಡಿದ. ಹಿಂದೆ ಮಣ್ಣಿನ ಗುಡ್ಡೆ ಮೇಲೆ ರಾಣಿ ಚೆಲುವಾಂಬೆ, ಎರಡು ಬೆರಳು ನಾಲಿಗೆ ಕೆಳಗೆ. ಇಬ್ಬರ ಮುಖವೂ ಕೆಂಪಾಯಿತು. ಆಮೇಲೆ ರಾಣಿಗೆ ನಗು ಬಂತು. ರಾಜನಿಗೂ ಬಂತು. ಎಷ್ಟೋ ವರ್ಷ ಒಬ್ಬರ ಪಕ್ಕ ಒಬ್ಬರು ಮಲಗಿಯೂ ಸಿಗದಿದ್ದ ಹೆಂಡತಿ ಈಗ ಸಿಕ್ಕಳು ಅನ್ನಿಸಿ ಅವನ ಕಣ್ಣಲ್ಲಿ ನೀರೇ ಬಂತು.

ರಾಜ ಗುಡ್ಡೆ ಮೇಲೆ ಎದ್ದು ನಿಂತು, ಮೆತ್ತನಪುರದಲ್ಲಿ ಯಾರೂ ಮಾತಾಡದಷ್ಟು ಗಟ್ಟಿಯಾಗಿ ಹೇಳಿದ.

"ಇವನು ನನಗೆ ಗೊತ್ತು. ದಿನಾ ನೋಡ್ತೀನಿ."

ನನಗೂ ಗೊತ್ತು ಅಂದಳು ರಾಣಿ. ಮಂತ್ರಿ ಅಂದ, ಪೂಜಾರಿ ಅಂದ, ಅಗಸರು, ಭಟರು, ತಮಟೆಯವನು, ಎಲ್ಲರೂ ಅಂದರು. ಬೀಜ ಜೇಬಲ್ಲೇ ಇದೆ, ಹೇಳಪ್ಪಾ ಮುಂದಿನ ಮಾತು ಅಂತ ಒಂದು ಮುದುಕಿ ಕೂಗಿದಳು. ಗಂಗಪ್ಪನ ಹೆಬ್ಬೆರಳು ಮತ್ತೆ ಮೆತ್ತಗಾಯಿತು. ಪಕ್ಕದಲ್ಲಿದ್ದ ಹಳೇ ಕಲ್ಲು, ನನ್ನನ್ನೂ ಒಂದು ಸಲ ನೋಡ್ರಪ್ಪಾ ಅಂತ ಗೋಗರೆಯಿತು. ರಾಣಿ ಬಗ್ಗಿ ನೋಡಿ, ಅಯ್ಯೋ ನಮ್ಮ ಬಳೆಗಾರ ಅಲ್ವೇನೋ ನೀನು ಅಂದಳು. ಅಷ್ಟು ಸಾಕಾಯಿತು, ಕಲ್ಲು ಮೈಮುರಿದು ಎದ್ದು ಬಳೆಯ ಮಲಾರ ಹೆಗಲಿಗೇರಿಸಿತು.

ಈಗ ಗಂಗಪ್ಪನನ್ನ ಸಿನಿಮಾಕ್ಕೆ ವಾಪಸ್ ಕಳಿಸೋದು ಹೇಗೆ? ಒದೆ ತಿಂದು ಬಂದವನು ಒದೆ ತಿಂದೇ ಹೋಗಬೇಕು. ಆದರೆ ಮೆತ್ತನಪುರದಲ್ಲಿ ಒದೆಯೋಕೆ ಯಾರಿಗೆ ಬರುತ್ತೆ? ಮಂತ್ರಿ ಕಾಲೆತ್ತಿ ತಾನೇ ಬಿದ್ದ. ಪೂಜಾರಿ ಒದೆಯೋ ಬದಲು ಪಾದಕ್ಕೆ ನಮಸ್ಕಾರ ಮಾಡಿದ. ರಾಜ ಕಾಲೆತ್ತಿ, ನೋವಾಗುತ್ತೇನಪ್ಪಾ ಅಂತ ಕೇಳಿ ಇಳಿಸಿದ.

ಗಂಗಪ್ಪ ಅವನ ಕಿವಿಯಲ್ಲಿ ಹೇಳಿದ. "ತಾವು ಪಾದ ಸುಮ್ಮನೆ ತಾಗಿಸಿ ಬುದ್ಧಿ. ಹಾರೋದು ನನ್ನ ಕೆಲಸ."

ರಾಜ ಹೆಬ್ಬೆರಳ ತುದಿ ತಾಗಿಸಿದ. ಅಷ್ಟೇ. ಗಂಗಪ್ಪ ಹಾರಿದ ನೋಡಿ, ಗಡಿ ದಾಟಿ, ಟೆಂಟು ದಾಟಿ, ಪರದೆ ತೂರಿ, ಬಾಳೆಹಣ್ಣು ತೂರಿ, ಹುಲ್ಲು ತೂರಿ, ಮಡಕೆ ತೂರಿ, ಸೀದಾ ಸಿಡಿಲಣ್ಣನ ಅವರೆಕಾಯಿ ಮೊರದ ಮೇಲೆ ಹೋಗಿ ಬಿದ್ದ. ಎಲ್ಲಿಗೆ ಹೋಗಿದ್ಯೋ ಪಾಪಿ ಅಂತ ಸಿಡಿಲಣ್ಣ ಅವನನ್ನ ತಬ್ಬಿಕೊಂಡು ಅತ್ತ. ಅತ್ತು ಮುಗಿಸಿ ಒದ್ದ.

ಇಲ್ಲಿಗೆ ಕತೆ ಮುಗೀತು ಅಂತ ಏಳಬೇಡಿ, ಕೂತುಕೊಳ್ಳಿ.

ಮಾರನೇ ದಿನ ರಾಜ, ಇನ್ನು ಮುಚ್ಚುಮರೆ ಬೇಡ, ಎಲ್ಲರೂ ಬರಿತಲೆಯಲ್ಲಿ ಸಿನಿಮಾಕ್ಕೆ ಹೋಗಿ ಅಂತ ಅಪ್ಪಣೆ ಕೊಟ್ಟ. ಹೋದರು. ಮಂತ್ರಿ ಪೂಜಾರಿಗೆ ನಮಸ್ಕಾರ ಅಂದ, ಪೂಜಾರಿ ಮಂತ್ರಿಗೆ ದಾರಿ ಬಿಟ್ಟ, ರಾಜನಿಗೆ ಎಲ್ಲರೂ ಜಾಗ ಬಿಟ್ಟರು. ಸಿಡಿಲಣ್ಣ ಒದ್ದ, ಗಂಗಪ್ಪ ಹಾರಿದ. ಪಕ್ಕದವರು ಏನಂದುಕೊಳ್ತಾರೋ ಅಂತ ಯಾರೂ ಸಿಳ್ಳೆ ಹಾಕಲಿಲ್ಲ. ಒಬ್ಬಿಬ್ಬರು ಆಕಳಿಸಿದರು. ಈ ಒದೆ ಯಾಕೋ ನಂಬೋ ಹಾಗಿಲ್ಲ ಅಂತ ಮಂತ್ರಿ ಅಭಿಪ್ರಾಯ ಹೇಳಿದ. ಗಂಗಪ್ಪ ಎಮ್ಮೆ ಮೇಲಿಂದ ಎದ್ದು ಕಣ್ಣಿಗೆ ಕೈ ಅಡ್ಡ ಹಿಡಿದು ಜನರನ್ನೇ ನೋಡಿದ. ಅವನ ಮುಖ ಸಪ್ಪಗಿತ್ತು.

ಮರುದಿನ ಬೆಳಿಗ್ಗೆ ತಮಟೆಯವನು ಮತ್ತೆ ತಮಟೆಯ ಬೆನ್ನು ಸವರಿಕೊಂಡು ಹೊರಟ. ಕಾಯಿ ಒಡೆಯಬಹುದು, ಬಟ್ಟೆ ಬಡಿಯಬಹುದು. ಆದರೆ ಆ ಕೆಟ್ಟ ಸಿನಿಮಾ ನೋಡೋದು ಮಾತ್ರ ಇವತ್ತಿನಿಂದ ಕಡ್ಡಾಯವಾಗಿ ನಿಷಿದ್ಧ. ಊರವರಿಗೆ ಹಬ್ಬವಾಯಿತು.

ಸಂಜೆ ರಾಣಿ ರಾಜನ ಕಿವಿಯಲ್ಲಿ, ಭಜನೆಗೆ ಹೋಗಿಬರ್ತೀನಿ ದೊರೆ ಅಂತ ಪಿಸುಗುಟ್ಟಿದಳು. ಹೋಗಿಬಾ ದೇವಿ, ನನಗೂ ಸ್ವಲ್ಪ ಭಜನೆ ಇದೆ ಅಂತ ರಾಜ ಪಿಸುಗುಟ್ಟಿದ. ಬಳೆಗಾರ ಗಡಿಯಲ್ಲೇ ಅಂಗಡಿ ಇಟ್ಟಿದ್ದ, ಎರಡು ಜೊತೆ ಪಾದ ನೋಡಿಯೂ ನೋಡದವನ ಹಾಗೆ ಬಳೆ ಒರೆಸಿದ. ಟೆಂಟಿನಲ್ಲಿ ಸಿಡಿಲಣ್ಣ ಕಾಲೆತ್ತಿದ. ಗುಡ್ಡೆ ಇಳಿಸೋ ಅಂತ ಹಿಂದಿನಿಂದ ಕೂಗು ಬಂತು. ಮುಂದಿನ ಕೊಪ್ಪೆ ಸುಖವಾಗಿ ನಿಟ್ಟುಸಿರು ಬಿಟ್ಟು ಇನ್ನೆರಡು ಬೊಗಸೆ ಮರಳು ಏರಿಸಿಕೊಂಡಿತು.

ನೀತಿ ಬೇಕಾ? ತಗೊಳ್ಳಿ. ಭಜನೆಗೆ ಹೊರಟವರ ಕಂಬಳಿ ಎತ್ತಿ ನೋಡಬಾರದು. ಕತೆ ಕಂಬಳಿಯೊಳಗೆ ಹೋಯಿತು, ನಾನು ಹೊರಗೆ ಉಳಿದೆ. ನನ್ನದೆಲ್ಲೋ ಇಲ್ಲೇ ಇತ್ತಲ್ಲ ಕಂಬಳಿ, ಕೊಡಿ ಇತ್ತ. ನನಗೂ ಭಜನೆಗೆ ಹೊತ್ತಾಯಿತು.