ಕೊಂಡರಾಜನ ಬಣವೆ, ಕಲ್ಲಕ್ಕನ ಆಡು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ಇದೇ ಮೊದಲು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ತಿಳಿಯುವುದಿಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅರ್ಥವಾಗದ ಮಾತು ಬಂದರೆ ಕೈ ಎತ್ತಿ. ಎತ್ತದಿದ್ದರೂ ನಾನೇ ವಿವರಿಸುತ್ತೇನೆ, ಹೆದರಿಕೆಯಾದಾಗ ನನಗೆ ವಿವರಣೆ ಜಾಸ್ತಿ ಬರುತ್ತದೆ. ಎಲ್ಲರೂ ಕೂತಿರಾ? ಇನ್ನೂ ಸ್ವಲ್ಪ ಹತ್ತಿರ ಬನ್ನಿ.

ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಅವನ ಹೆಸರು ಕೊಂಡರಾಜ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಬಂಗಾರದ ಡಬ್ಬದ ಕಂಪ್ಯೂಟರ್ ಇತ್ತು. ರಾಜರ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು ಅನ್ನಬೇಡಿ. ಇನ್ನೇನು ನರಿ ಬರುತ್ತದೆ, ಮಾತಾಡುತ್ತದೆ. ಅದನ್ನು ನಂಬುವವರು ಇದನ್ನೂ ನಂಬಿ.

ರಾಜನಿಗೆ ಒಬ್ಬಳು ಗೆಳತಿ. ಅವಳೊಂದು ಆಮೆ. ರಾಜ ಮಗುವಾಗಿದ್ದಾಗಲೇ ಅವಳು ಮುದುಕಿ. ಅದಕ್ಕೇ ಅವನು ಅವಳನ್ನು ಕಲ್ಲಕ್ಕ ಅನ್ನುತ್ತಿದ್ದ, ಅವಳು ಅವನನ್ನು ತಮ್ಮಾ ಅನ್ನುತ್ತಿದ್ದಳು. ಅವಳಿಗೂ ಒಂದು ಕಂಪ್ಯೂಟರ್ ಇತ್ತು. ತಗಡಿನ ಡಬ್ಬ, ಹಳೆಯದು, ಶುರುವಾಗುವಾಗ ಕೆಮ್ಮುತ್ತಿತ್ತು. ಅರಮನೆಯ ಆಟದ ಕೋಣೆಯಲ್ಲಿ ಬಂಗಾರದ ಡಬ್ಬ, ತಗಡಿನ ಡಬ್ಬ ಅಕ್ಕಪಕ್ಕ. ನಡುವೆ ಒಂದು ತಂತಿ. ಆ ತಂತಿಯಿಂದಲೇ ಇಬ್ಬರೂ ಒಂದೇ ಆಟವನ್ನು ಸೇರಿ ಆಡುವುದು.

ಅವರು ಆಡುತ್ತಿದ್ದದ್ದು ಎರಡು ಆಡುಗಳ ಆಟ. ಕರಿ ಆಡು ರಾಜನದು, ಬಿಳಿ ಆಡು ಕಲ್ಲಕ್ಕನದು. ಎರಡೂ ಸೇರಿ ಬೆಟ್ಟದ ತುದಿಗೆ ಹೋಗಬೇಕು. ಒಂದೇ ಹೋದರೆ ಆಗದು. ಬೆಟ್ಟದ ನಡುವೆ ಒಂದು ಕಮರಿ, ಅದರ ಮೇಲೆ ತೂಗುಸೇತುವೆ. ಒಂದು ಆಡು ದಾಟಿ ಆಚೆ ನಿಂತು ಹಗ್ಗ ಎಳೆದರೆ ಮಾತ್ರ ಇನ್ನೊಂದಕ್ಕೆ ದಾರಿ. ರಾಜನ ಕರಿ ಆಡು ದಾಟಿತು. ಕಲ್ಲಕ್ಕನ ಬಿಳಿ ಆಡು ಸೇತುವೆಯ ನಡುವಿಗೆ ಬಂತು. ಅಷ್ಟರಲ್ಲಿ ಬೀದಿಯಲ್ಲಿ ಡಂಗುರ ಕೇಳಿಸಿತು.

"ಸೇಲ್! ಸೇಲ್! ಆಟಗಳ ಸೇಲ್!"

"ಒಂದು ನಿಮಿಷ ಅಕ್ಕಾ, ನೋಡಿ ಬಂದೆ," ಅಂತ ರಾಜ ಎದ್ದ.

ಎದ್ದವನು ಬರಲೇ ಇಲ್ಲ.

ಸೇಲ್ ಅಂದರೆ ನಿಮಗೆ ಗೊತ್ತು, ಆದರೂ ಹೇಳುತ್ತೇನೆ. ಅರ್ಧ ಬೆಲೆಗೆ ಸಿಗುತ್ತದೆ ಅಂತ ಬೇಡದ್ದನ್ನೂ ಕೊಳ್ಳುವ ಹಬ್ಬ. ಅದನ್ನು ನಡೆಸುತ್ತಿದ್ದವನು ತಳುಕಪ್ಪ ಎಂಬ ನರಿ. ಇದೇ ಆ ಮಾತಾಡುವ ನರಿ. ರಾಜ ಡಬ್ಬಿ ಡಬ್ಬಿ ಆಟ ಕೊಂಡ. ಈಗ ಆಟಗಳು ಡಬ್ಬಿಯಲ್ಲಿ ಬರುವುದಿಲ್ಲ, ತಂತಿಯಲ್ಲಿ ಇಳಿಯುತ್ತವೆ. ಆದರೆ ಡಬ್ಬಿ ಇದ್ದರೆ ರಾಶಿ ಹಾಕಬಹುದು, ಕಥೆಗೆ ರಾಶಿ ಬೇಕು. ಕೊಂಡು ಆಡದೆ ಬಿಟ್ಟ ಆಟಗಳಿಗೆ ಆಟಗಾರರು ಬ್ಯಾಕ್‌ಲಾಗ್ ಅನ್ನುತ್ತಾರೆ. ಅರಮನೆಯಲ್ಲಿ ಅದಕ್ಕೆ ಬಣವೆ ಅನ್ನುತ್ತಿದ್ದರು, ಹುಲ್ಲಿನ ಬಣವೆಯ ಹಾಗೆ ಅಂಗಳದಲ್ಲಿ ಏರುತ್ತಿತ್ತು. ಅದರ ಮೇಲೆ ಕೊಕ್ಕರೆ ಗೂಡು ಕಟ್ಟಿತ್ತು.

ರಾಜ ಹೇಗೋ ಪ್ರಜೆ ಹಾಗೆ. ಸಭೆಯಲ್ಲಿ ರಾಜಕಾರ್ಯ ಬಿಟ್ಟು ಇದೇ ಮಾತು.

"ಏನ್ ತಗೊಂಡ್ರಿ ಮಂತ್ರಿಗಳೇ?" ಅಂತ ಸೇನಾಪತಿ.

"ಡ್ರ್ಯಾಗನ್ ಬೇಟೆ. ಒಂದು, ಎರಡು, ಮೂರು, ಎಲ್ಲಾ ಭಾಗ!"

"ಹೇಗಿದೆ?"

"ಹೇಗಿದೆ ಅಂದ್ರೆ?"

"ಆಡಿದ್ರಾ ಅಂದೆ."

"ತಗೊಂಡೆ ಅಂದ್ನಲ್ಲ ಸ್ವಾಮಿ, ಇನ್ನು ಆಡೋದು ಬೇರೆ ಇದೆಯಾ?"

ಹೀಗಿರುವಾಗ ದಸರಾ ಬಂತು. ತಳುಕಪ್ಪ ಬಾಲ ಆಡಿಸುತ್ತಾ ಬಂದ.

"ಬುದ್ಧೀ, ನಿಮ್ಮ ಆಟದಲ್ಲಿ ನೀರು ನೀರಿನ ಹಾಗಿಲ್ಲ, ಮಜ್ಜಿಗೆ ಹಾಗಿದೆ. ಈ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ. ಸೆಟ್ಟಿಂಗ್ 'ಹೈ'ಗೆ ಏರಿಸಿ."

ಗ್ರಾಫಿಕ್ಸ್ ಕಾರ್ಡ್ ಅಂದರೆ ಡಬ್ಬದೊಳಗೆ ಕೂತು ಚಿತ್ರ ಬಿಡಿಸುವ ಹಲಗೆ. ಸೆಟ್ಟಿಂಗ್ ಏರಿಸಿದಷ್ಟೂ ಚಿತ್ರ ನುಣುಪು, ಹಲಗೆಗೆ ದುಡಿಮೆ, ಕರೆಂಟು ಜಾಸ್ತಿ. ರಾಜ ಹಾಕಿಸಿದ. ಏರಿಸಿದ. ಇಡೀ ದಿನ ಆಟದ ಹಳ್ಳದ ನೀರು ನೋಡುತ್ತಾ ಕೂತ. ಅತ್ತ ಅಡುಗೆಮನೆಯಲ್ಲಿ ಕರೆಂಟು ಸಾಲದೆ ರಾಣಿ ರತ್ನಾಜಿಯ ಗ್ರೈಂಡರ್ ನಿಂತಿತು. ದೋಸೆ ಹಿಟ್ಟು ಅರ್ಧ ರುಬ್ಬಿದಲ್ಲೇ ಉಳಿಯಿತು.

"ತಮ್ಮಾ, ಹಗ್ಗ?" ಅಂದಳು ಕಲ್ಲಕ್ಕ.

"ಒಂದು ನಿಮಿಷ ಅಕ್ಕಾ."

ದೀಪಾವಳಿ ಬಂತು. ತಳುಕಪ್ಪ ಬಾಲ ಆಡಿಸುತ್ತಾ ಬಂದ.

"ಬುದ್ಧೀ, ನೀರು ಸರಿಹೋಯ್ತು, ನೆರಳು ಸರಿಯಿಲ್ಲ. ಮಸಿ ಬಟ್ಟೆ ಹಾಸಿದ ಹಾಗಿದೆ. ಇನ್ನೂ ದೊಡ್ಡ ಕಾರ್ಡ್ ತಂದಿದ್ದೀನಿ."

ರಾಜ ಹಾಕಿಸಿದ. ಏರಿಸಿದ. ಇಡೀ ದಿನ ಮರದ ನೆರಳು ನೋಡುತ್ತಾ ಕೂತ. ಅತ್ತ ಸಭೆಯಲ್ಲಿ ಫ್ಯಾನು ನಿಂತವು. ಮಂತ್ರಿಗಳು ರಾಜಶಾಸನಗಳಲ್ಲೇ ಗಾಳಿ ಹಾಕಿಕೊಂಡರು. ರಾಣಿಯ ಗ್ರೈಂಡರ್ ಮತ್ತೆ ನಿಂತಿತು.

"ತಮ್ಮಾ, ಹಗ್ಗ?"

"ಒಂದು ನಿಮಿಷ ಅಕ್ಕಾ."

ಸಂಕ್ರಾಂತಿ ಬಂತು. ತಳುಕಪ್ಪ ಬಂದ. ಬಾಲ ಆಡಿಸಿದನೇ? ಆಡಿಸಿದ.

"ಬುದ್ಧೀ, ಆಡಿಗೆ ಕೂದಲೇ ಇಲ್ವಲ್ಲ! 'ಅಲ್ಟ್ರಾ' ಹಾಕಿ, ಒಂದೊಂದು ಕೂದಲೂ ಬೇರೆ ಬೇರೆ ಹಾರಾಡುತ್ತೆ."

ಅಲ್ಟ್ರಾ ಅಂದರೆ ಎಲ್ಲಕ್ಕಿಂತ ಮೇಲಿನ ಸೆಟ್ಟಿಂಗ್. ರಾಜ ಹಾಕಿಸಿದ. ಏರಿಸಿದ. ಇಡೀ ದಿನ ಆಡಿನ ಗಡ್ಡ ನೋಡುತ್ತಾ ಕೂತ. ಅತ್ತ ಅರಮನೆಯ ಲಿಫ್ಟು ನಿಂತಿತು. ಒಳಗೆ ಪಕ್ಕದ ರಾಜ್ಯದ ರಾಯಭಾರಿ. ಪಾಪ, ಎರಡು ಮಹಡಿಗಳ ನಡುವೆ ನೇತಾಡುತ್ತಲೇ ಸಂಧಾನ ಮುಗಿಸಿದ. ಗ್ರೈಂಡರ್ ಕಥೆ ಕೇಳಲೇಬೇಡಿ.

"ತಮ್ಮಾ, ನನ್ನ ಆಡು ಇನ್ನೂ ಸೇತುವೆ ಮೇಲೇ ನಿಂತಿದೆ ಕಣಪ್ಪಾ," ಅಂದಳು ಕಲ್ಲಕ್ಕ. "ಗಾಳಿಗೆ ತೂಗ್ತಾ ಇದೆ. ಹೋದ ಸೇಲಲ್ಲಿ ಕೊಂಡಿದ್ದೇ ಆಡಿಲ್ಲ, ಮತ್ತೇನಕ್ಕೆ ಈ ಕಾರ್ಡು?"

ಈ ಮಾತು ನರಿಯ ಕಿವಿಗೆ ಬಿತ್ತು. ನರಿಗೆ ಭಯವಾಯಿತು. ಏಕೆ ಭಯ? ರಾಜ ಕೂತು ಆಡಿದರೆ ಆಟ ಖುಷಿ ಕೊಡುತ್ತದೆ. ಖುಷಿಯಾದವನು ಡಂಗುರ ಕೇಳಿ ಏಳುವುದಿಲ್ಲ. ಏಳದವನಿಗೆ ಏನು ಮಾರುವುದು? ಅಂದರೆ ಆಮೆ ಇರುವವರೆಗೂ ತನ್ನ ಅಂಗಡಿಗೆ ಅಪಾಯ.

"ಬುದ್ಧೀ," ಅಂತ ತಳುಕಪ್ಪ ರಾಜನ ಕಿವಿಯಲ್ಲಿ ಉಸುರಿದ, "ಇಷ್ಟು ದೊಡ್ಡ ಕಾರ್ಡ್ ಹಾಕಿದರೂ ನಿಮ್ಮ ಆಡು ತೊದಲಿ ತೊದಲಿ ನಡೀತಿದೆ, ನೋಡಿದ್ರಾ? ಅದಕ್ಕೆ ಕಾರಣ ಆ ತಗಡಿನ ಡಬ್ಬ. ತಂತಿಯಲ್ಲಿ ಸೇರ್ಕೊಂಡು ಬಂಗಾರದ ಡಬ್ಬಾನೂ ಕೆಡಿಸ್ತಿದೆ. ಡಬ್ಬಾನೂ ಆಮೇನೂ ಹೊಳೆ ಆಚೆ ಕಳಿಸಿಬಿಡಿ."

ರಾಜ ಕಲ್ಲಕ್ಕನ ಕಡೆ ತಿರುಗಿದ. ಆದರೆ ಕಣ್ಣೆಲ್ಲ ಆಡಿನ ಗಡ್ಡದ ಮೇಲೆ.

"ಅಕ್ಕಾ, ಯುಗಾದಿ ಹೊತ್ತಿಗೆ ನೀನು... ಆಚೆ ದಡದಲ್ಲಿ ಗಾಳಿ ಚೆನ್ನಾಗಿದೆಯಂತೆ," ಅಂದ.

ಕಲ್ಲಕ್ಕ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಆಮೆಗಳಿಗೆ ಬೇಜಾರಾದರೆ ಹಾಗೇ. ನಾವು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇವೆ, ಅವುಗಳಿಗೆ ಕೋಣೆ ಬೆನ್ನ ಮೇಲೇ ಇರುತ್ತದೆ.

ರಾಣಿಗೆ ಸುದ್ದಿ ಮುಟ್ಟಿತು. ಅವಳು ಹಿಟ್ಟಿನ ಕೈಯಲ್ಲೇ ಬಂದಳು.

"ಏನೂಂದ್ರೆ, ಆ ತಗಡು ಡಬ್ಬದಲ್ಲೂ ಅದೇ ಆಟ ತಾನೇ?"

"ಅದೇ ಆಟ. ಆದ್ರೆ ಚಿತ್ರ ಎಲ್ಲಿ, ಇದು ಎಲ್ಲಿ! ಭೂಮಿಗೂ ಆಕಾಶಕ್ಕೂ ಇರೋಷ್ಟು ವ್ಯತ್ಯಾಸ."

"ಹಾಗಾದ್ರೆ ಕಳಿಸೋ ಮುಂಚೆ ಎಲ್ಲರೂ ಆ ವ್ಯತ್ಯಾಸ ನೋಡಿಬಿಡಲಿ. ಯುಗಾದಿ ದಿನ ಸಭೆಯಲ್ಲಿ ಎರಡು ಪರದೆ ಇಡಿಸ್ತೀನಿ, ಒಂದೇ ಥರದವು. ಡಬ್ಬಗಳು ಬಟ್ಟೆಯ ಹಿಂದೆ ಇರಲಿ. ಯಾವುದು ಯಾವುದರದ್ದು ಅಂತ ತಳುಕಪ್ಪ ಹೇಳಲಿ."

"ಹೇಳದಿದ್ರೆ ನನ್ನ ಬಾಲ ಕತ್ತರಿಸಿ!" ಅಂದ ನರಿ.

"ಬಾಲ ನನಗ್ಯಾಕೋ? ಸಾರಿಗೆ ಹಾಕೋಕಾ?" ಅಂದಳು ರಾಣಿ. "ತಪ್ಪಿದ್ರೆ, ನೀನು ಮಾರಿದ ಅಷ್ಟೂ ಆಟಾನೂ ನೀನೇ ಕೂತು ಆಡಿ ಮುಗಿಸಬೇಕು. ಅಲ್ಲೀವರೆಗೆ ಅಂಗಡಿ ಬಂದ್. ತಪ್ಪದಿದ್ರೆ ಕಲ್ಲಕ್ಕ ಅವತ್ತೇ ಹೊಳೆ ದಾಟ್ತಾಳೆ."

"ಆಗಲಿ ತಾಯೀ!" ಅಂದ ನರಿ, ನಗುತ್ತಾ.

ಯುಗಾದಿ ಬಂತು. ಬೇವು ಬೆಲ್ಲ ಆಯಿತು. ಸಭೆ ತುಂಬಿತು. ಬಾಗಿಲ ಬಳಿ ಕಲ್ಲಕ್ಕ ನಿಂತಿದ್ದಳು, ಚಿಪ್ಪಿನ ಮೇಲೆ ಒಂದು ಸಣ್ಣ ಗಂಟು. ಅವಳಿಗೂ ರಾಣಿ ಏನೂ ಹೇಳಿರಲಿಲ್ಲ. ಎಡಕ್ಕೊಂದು ಪರದೆ, ಬಲಕ್ಕೊಂದು ಪರದೆ. ಎರಡರಲ್ಲೂ ಒಂದೇ ಆಡು, ಒಂದೇ ಹೆಜ್ಜೆ, ಒಂದೇ ಹಳ್ಳ. ಹೋಲಿಸಬೇಕಲ್ಲ, ಅದಕ್ಕೇ ಎರಡೂ ಒಂದೇ ಥರ ನಡೆಯುವಂತೆ ಮಾಡಿದೆ ಅಂದಳು ರಾಣಿ. ಬಟ್ಟೆಯ ಹಿಂದಿನಿಂದ ಗುರ್ರ್ ಅಂತ ಗಟ್ಟಿ ಸದ್ದು.

ತಳುಕಪ್ಪ ಎಡಗಡೆ ಪರದೆಯ ಮುಂದೆ ಅಡ್ಡಬಿದ್ದೇಬಿಟ್ಟ.

"ಇದೇ! ಇದೇ ನಮ್ಮ ಅಲ್ಟ್ರಾ! ನೀರು ನೋಡಿ, ಕುಡೀಬೇಕು ಅನ್ಸುತ್ತೆ. ನೆರಳು ನೋಡಿ, ಮಲಗಬೇಕು ಅನ್ಸುತ್ತೆ. ಗಡ್ಡ ನೋಡಿ, ಬಾಚಬೇಕು ಅನ್ಸುತ್ತೆ!"

"ಬಲಗಡೆಯದು?"

"ಥೂ ಥೂ! ನೀರಲ್ಲ, ಮಜ್ಜಿಗೆ. ಆಡಲ್ಲ, ಹತ್ತಿ ಮೂಟೆ. ತೊದಲ್ತಾ ಇದೆ, ನಿಮಗೆ ಕಾಣ್ತಿಲ್ವಾ?"

"ಕಾಣ್ತಿದೆ, ಕಾಣ್ತಿದೆ," ಅಂದ ಮಂತ್ರಿ. "ನನಗೆ ಕಣ್ಣೇ ನೋಯ್ತಿದೆ," ಅಂದ ಸೇನಾಪತಿ. "ಎಡಗಡೆಯದೇ ನನ್ನದು, ಕಣ್ಣು ಮುಚ್ಚಿಕೊಂಡು ಹೇಳ್ತೀನಿ," ಅಂದ ರಾಜ.

"ಮತ್ತೆ ಈ ಸದ್ದು?" ಅಂದಳು ರಾಣಿ.

"ಅದು ನಮ್ಮ ಕಾರ್ಡಿನ ಗರ್ಜನೆ ತಾಯೀ! ಸಿಂಹ, ಸಿಂಹ! ಬೇರೆ ಯಾವ ಯಂತ್ರಕ್ಕೂ ಈ ದನಿ ಬರಲ್ಲ."

ರಾಣಿ ಬಟ್ಟೆ ಸರಿಸಿದಳು.

ಹಿಂದೆ ಇದ್ದದ್ದು ತಗಡಿನ ಡಬ್ಬ ಒಂದೇ. ಅದರಿಂದ ಎರಡು ತಂತಿ ಹೊರಟಿದ್ದವು. ಒಂದು ಎಡ ಪರದೆಗೆ, ಒಂದು ಬಲ ಪರದೆಗೆ. ಅರ್ಥವಾಯಿತಾ? ಎರಡು ಕಡೆಯೂ ತೋರುತ್ತಿದ್ದದ್ದು ಕಲ್ಲಕ್ಕನ ಹಳೇ ಡಬ್ಬದ ಚಿತ್ರವೇ, ಅದೂ 'ಲೋ' ಸೆಟ್ಟಿಂಗಿನಲ್ಲಿ. ಬಂಗಾರದ ಡಬ್ಬ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಅದರ ಪ್ಲಗ್ ಕಿತ್ತು ಆ ಜಾಗಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿತ್ತು. ಸಿಂಹದ ಹಾಗೆ ಗರ್ಜಿಸುತ್ತಿದ್ದದ್ದು ಗ್ರೈಂಡರ್! ಒಳಗೆ ದೋಸೆ ಹಿಟ್ಟು ಬೆಣ್ಣೆಯಂತೆ ತಿರುಗುತ್ತಿತ್ತು.

ಮೊದಲು ನಕ್ಕವನು ಲಿಫ್ಟಿನ ರಾಯಭಾರಿ. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಬಣವೆಯ ಮೇಲಿನ ಕೊಕ್ಕರೆಯೂ ಕೊಕ್ಕು ಬಡಿಯಿತು.

"ಕುಣಿಯಲಾರದವಳಿಗೆ ನೆಲ ಡೊಂಕು, ಆಡಲಾರದವರಿಗೆ ಚಿತ್ರ ಮಸುಕು," ಅಂದಳು ರಾಣಿ. "ಏನೂಂದ್ರೆ, ಈಗ ಯಾರು ಹೊಳೆ ದಾಟಬೇಕು?"

ರಾಜ ಬಾಗಿಲಿಗೆ ಓಡಿದ. ಕಿರೀಟ ಬಿತ್ತು, ಎತ್ತಿಕೊಳ್ಳಲಿಲ್ಲ. ಚಿಪ್ಪಿನ ಮೇಲಿನ ಗಂಟನ್ನು ತಾನೇ ಇಳಿಸಿದ.

"ಅಕ್ಕಾ, ತಪ್ಪಾಯ್ತು. ಬಾ, ಹಗ್ಗ ಎಳೀತೀನಿ."

"ಒಂದು ನಿಮಿಷ ತಮ್ಮಾ," ಅಂದಳು ಕಲ್ಲಕ್ಕ. ರಾಜ ಬೆಚ್ಚಿಬಿದ್ದ. ಆಮೆ ಕಿಸಕ್ಕನೆ ನಕ್ಕಿತು. "ಹೆದರಬೇಡವೋ! ನಾನು ಆಮೆ. ಅಲ್ಲಿಗೆ ನಡೆದು ಬರೋಕೆ ಅಷ್ಟು ಹೊತ್ತು ಬೇಕು."

ರಾಜ ಬಂಗಾರದ ಡಬ್ಬ ಹಚ್ಚಿದ, ಸೆಟ್ಟಿಂಗ್ 'ಲೋ'ಗೆ ಇಳಿಸಿದ, ತಂತಿ ಸೇರಿಸಿದ. ಗ್ರೈಂಡರ್ ನಿಲ್ಲಲಿಲ್ಲ. ಆಚೆ ತುದಿಯಲ್ಲಿ ಕರಿ ಆಡು ಕಣ್ಣು ಬಿಟ್ಟಿತು, ಹಗ್ಗ ಕಚ್ಚಿತು, ಎಳೆಯಿತು. ಬಿಳಿ ಆಡು ಟಕಟಕ ಟಕಟಕ ದಾಟಿತು. ಎರಡೂ ಹಣೆಗೆ ಹಣೆ ಡಿಕ್ಕಿ ಹೊಡೆದವು. ಇಡೀ ಸಭೆ ಹೋ ಅಂದಿತು. ಆ ಹೊತ್ತಿನಲ್ಲಿ ಆಡಿನ ಗಡ್ಡದಲ್ಲಿ ಎಷ್ಟು ಕೂದಲಿದ್ದವು? ಯಾರೂ ನೋಡಲಿಲ್ಲ. ಆಮೇಲೆ ಎಲ್ಲರಿಗೂ ದೋಸೆ.

ತಳುಕಪ್ಪ? ಅವನು ಬಣವೆಯ ಬುಡದಲ್ಲಿ ಕೂತು ಆಡುತ್ತಿದ್ದಾನೆ. ಇನ್ನೂ ಮೊದಲನೇ ಆಟವೇ ಮುಗಿದಿಲ್ಲ. ಅದು ಕೋಳಿ ಸಾಕುವ ಆಟ. ಒಂದು ಕೋಳಿ ಕಡಿಮೆಯಾದರೂ ಮೊದಲಿಂದ ಆಡಬೇಕು. ನರಿ ಕೋಳಿಗಳಿಗೆ ಕಾಳು ಹಾಕುತ್ತದೆ, ಜೊಲ್ಲು ಸುರಿಸುತ್ತದೆ, ತಡೆಯಲಾರದೆ ಒಂದನ್ನು ಹಿಡಿಯುತ್ತದೆ, ಮೊದಲಿಂದ ಶುರು ಮಾಡುತ್ತದೆ.

ಇದರ ನೀತಿ ಏನು? ಕೊಂಡ ಆಟ ನಿನ್ನದಲ್ಲ, ಆಡಿದ ಆಟ ನಿನ್ನದು. ಇನ್ನೊಂದು: ಚಿತ್ರ ಮಸುಕಾದರೆ ಅಡ್ಡಿಯಿಲ್ಲ, ಜೊತೆಗೆ ಆಡುವವರನ್ನು ಸೇತುವೆಯ ಮೇಲೆ ಕಾಯಿಸಬೇಡ.

ಈ ನೀತಿಯನ್ನು ಸ್ವಲ್ಪ ವಿವರಿಸಬೇಕು. ಇಲ್ಲದಿದ್ದರೆ ಎಲ್ಲ ಸೆಟ್ಟಿಂಗೂ ಕೆಟ್ಟದ್ದು ಅಂದುಕೊಂಡುಬಿಡುತ್ತೀರಿ. ಹಾಗಲ್ಲ. ಉದಾಹರಣೆಗೆ ನೆರಳನ್ನೇ ತೆಗೆದುಕೊಳ್ಳಿ. ಆಟದಲ್ಲಿ ನೆರಳು ಎರಡು ಬಗೆ. ನಿಂತ ಮರದ ನೆರಳು ಒಂದು ಬಗೆ. ಅದನ್ನು ಇಳಿಸಿದರೆ ನಷ್ಟವಿಲ್ಲ. ಇನ್ನೊಂದು ಬಗೆ...

"ಅಣ್ಣಾ! ಎಲ್ಲಿದ್ದೀಯೋ? ನನ್ನ ದೋಣಿ ಸುಳಿಯಲ್ಲಿ ಸುತ್ತುತ್ತಾ ಇದೆ, ಹುಟ್ಟು ಹಾಕೋರು ಯಾರು?"

ನನ್ನ ತಂಗಿ ಚಂಪಾ, ಒಳಗಿಂದ ಕೂಗುತ್ತಿದ್ದಾಳೆ. ನಾವಿಬ್ಬರೂ ಸೇರಿ ಆಡುವ ದೋಣಿ ಆಟ. ಒಂದು ನಿಮಿಷ ಚಂಪಾ...

ಅಯ್ಯೋ. ಏನಂದೆ ನಾನು? ಇಲ್ಲ ಇಲ್ಲ, ಬಂದೆ, ಈಗಲೇ ಬಂದೆ! ಮಕ್ಕಳೇ, ಆ ಇನ್ನೊಂದು ಬಗೆಯ ನೆರಳು ಇದೆಯಲ್ಲ, ಅದು ಏನೆಂದರೆ... ಬೇಡ, ಅದು ಆಮೇಲೆ, ದೋಣಿ ಕಾಯುತ್ತಿದೆ!