ಯಾರೂ ದಾಟದ ಕೋಣೆ

"ಗುರುಗಳೇ, ನಾನು ಕೊಡುವ ಲೆಕ್ಕವನ್ನು ತರಗತಿಯಲ್ಲಿ ಒಂದು ಮಗುವೂ ಬಿಡಿಸುವುದಿಲ್ಲ. ಇಂಥ ದಡ್ಡರಿಗೆ ಕಲಿಸುವುದು ಹೇಗೆ?" ಮಠದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಶಿಷ್ಯ ಚನ್ನವೀರ ಒಂದು ದಿನ ಬೇಸತ್ತು ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಜನರಿಗೆ ಮನೆಯ ನಕ್ಷೆ ಬರೆದುಕೊಡುವುದು ಅವನ ಕಸುಬು. ಬಿಡುವಾದಾಗ ಕಂಪ್ಯೂಟರಿನಲ್ಲಿ ಆಟದ ಕೋಣೆಗಳನ್ನು ಕಟ್ಟುವನು. ಕೋಣೆಗೆ ಬೀಗ ಹಾಕಿರುತ್ತದೆ. ಒಳಹೊಕ್ಕವರು ಅಲ್ಲಿನ ವಸ್ತುಗಳಲ್ಲಿ ಸುಳಿವು ಹುಡುಕಿ, ಬೀಗದ ಸಂಖ್ಯೆ ಕಂಡುಕೊಂಡು ಹೊರಗೆ ಬರಬೇಕು. ಈ ಆಟದವರದೊಂದು ಬಳಗವಿತ್ತು. ಒಬ್ಬರು ಕಟ್ಟಿದ ಕೋಣೆಯನ್ನು ಉಳಿದವರು ತಂತಮ್ಮ ಮನೆಯಲ್ಲೇ ಕೂತು ಆಡುವರು.

ನಕ್ಷೆಗಾರ ಆರು ತಿಂಗಳು ಹಟ ಹಿಡಿದು ಒಂದು ಕೋಣೆ ಕಟ್ಟಿದ. ನಲವತ್ತು ಮಂದಿ ಒಳಹೊಕ್ಕರು. ಒಬ್ಬರೂ ದಾಟಲಿಲ್ಲ. ಅವನು ಹಿಗ್ಗಿದ. ಆಮೇಲೆ ಯಾರೂ ಅತ್ತ ಸುಳಿಯಲಿಲ್ಲ. ಬಳಗದವರು ಬೇರೆಯವರ ಕೋಣೆಗಳ ಮಾತಾಡಿದರು. ಇವನ ಹೆಸರೆತ್ತಲಿಲ್ಲ. ಕಟ್ಟುವುದನ್ನೇ ಬಿಟ್ಟುಬಿಡೋಣ ಎಂದು ಅವನಿಗೆ ಅನಿಸಿತು.

ಆ ಬಳಗದಲ್ಲಿ ಒಬ್ಬ ನರ್ಸ್ ಇದ್ದಳು. ಒಂದು ಭಾನುವಾರ ಅವಳು ಅವನ ಮನೆಗೇ ಬಂದಳು.

"ನಿಮ್ಮ ಕೋಣೆಯಲ್ಲಿ ಮೂರು ಸಲ ಸೋತಿದ್ದೇನೆ. ಇವತ್ತು ನಿಮ್ಮೆದುರಿಗೇ ಆಡುತ್ತೇನೆ. ತೋಚಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ನೀವು ಮಾತ್ರ ತುಟಿ ಪಿಟಕ್ಕೆನ್ನಬಾರದು" ಎಂದಳು.

ಅವನು ಪಕ್ಕದಲ್ಲಿ ಕೂತ. ಅವಳು ಗೋಡೆಯ ಮೇಲಿನ ಚಿತ್ರ ನೋಡಿದಳು. "ಐದು ಹಕ್ಕಿ. ಎಲ್ಲವೂ ಕಿಟಕಿಯತ್ತ ಮುಖ ಮಾಡಿವೆ. ಹಾಗಾದರೆ ಕಿಟಕಿಯಲ್ಲೇನೋ ಇದೆ." ಕಿಟಕಿಯ ಸರಳು ಎಣಿಸಿದಳು. ಏಳು. ಐದು, ಏಳು ಎಂದು ಬೀಗಕ್ಕೆ ಒತ್ತಿದಳು. ಬಾಗಿಲು ಅಲುಗಲಿಲ್ಲ.

ನಕ್ಷೆಗಾರ ಬೆರಗಾದ. ಆ ಹಕ್ಕಿಗಳನ್ನು ಅವನು ಅಂದಕ್ಕೆಂದು ಬಿಡಿಸಿದ್ದ. ಅವನ ಸುಳಿವು ಇದ್ದದ್ದು ಕಪಾಟಿನ ಪುಸ್ತಕಗಳ ಬಣ್ಣದಲ್ಲಿ. ಯಾವ ಬಣ್ಣಕ್ಕೆ ಯಾವ ಅಂಕಿ ಎಂಬುದು ಅವನ ತಲೆಯಲ್ಲಿತ್ತು, ಕೋಣೆಯಲ್ಲಿ ಎಲ್ಲೂ ಇರಲಿಲ್ಲ. ಆರು ತಿಂಗಳಲ್ಲಿ ಹೊಳೆಯದಿದ್ದದ್ದು, ಅವಳ ಬೆರಳು ಬೀಗದ ಮೇಲೆ ತಡವರಿಸುವುದನ್ನು ಕಂಡಾಗ ಹೊಳೆಯಿತು. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

"ನಾನು ಎಲ್ಲಿ ತಪ್ಪಿದೆ?" ಎಂದು ಅವಳು ಕೇಳಿದಳು.

"ನೀವು ತಪ್ಪಲಿಲ್ಲ, ತಾಯೀ. ನಿಮ್ಮ ದಾರಿ ನನ್ನದಕ್ಕಿಂತ ಚೆಂದ. ಬೀಗವನ್ನು ಅದಕ್ಕೇ ಹೊಂದಿಸುತ್ತೇನೆ" ಎಂದ.

ಹಾಗೆಯೇ ಮಾಡಿದ. ಆ ದಾರಿ ಯಾರದೆಂದು ಬಳಗಕ್ಕೂ ತಿಳಿಸಿದ. ಬಿಟ್ಟುಹೋದವರು ಒಬ್ಬೊಬ್ಬರಾಗಿ ಮರಳಿದರು. ಕೆಲವರು ಬೇಗ, ಕೆಲವರು ಒದ್ದಾಡಿ, ಅಂತೂ ಹೊರಗೆ ಬಂದರು. ಬಂದವರು ತಾವು ಬಾಗಿಲು ತೆರೆದ ಬಗೆಯನ್ನು ಹೇಳಿಕೊಂಡು ನಕ್ಕರು. ನರ್ಸ್ ತಾನೂ ಒಂದು ಕೋಣೆ ಕಟ್ಟಲು ಕೂತಳು. ನಕ್ಷೆಗಾರ ಮುಂದಿನ ಕೋಣೆ ಮುಗಿಸಿದಾಗ ಬಳಗಕ್ಕೆ ತೋರಿಸುವ ಮೊದಲು ಪಕ್ಕದ ಮನೆಯ ಅಜ್ಜಿಯನ್ನು ಕರೆದು ಕೂರಿಸಿ, ಬಾಯಿ ಮುಚ್ಚಿಕೊಂಡು ನೋಡಿದ.

ಕತೆ ಮುಗಿಸಿ ಗುರುಗಳು ಶಿಷ್ಯನ ಕಡೆ ತಿರುಗಿದರು.

"ಮಕ್ಕಳು ಲೆಕ್ಕ ಬಿಡಿಸುವಾಗ ನೀನು ಎಲ್ಲಿ ಕೂತಿರುತ್ತೀಯಪ್ಪಾ?"

ಚನ್ನವೀರ ತಲೆ ತಗ್ಗಿಸಿದ. ಮರುದಿನ ಲೆಕ್ಕ ಕೊಟ್ಟ ಮೇಲೆ ಒಂದು ಮಗುವಿನ ಪಕ್ಕದಲ್ಲಿ ಹೋಗಿ ಕೂತ.