ಹೆಸರು ಬರುವ ಜಾಗ

ಹೊಳೆಸಾಲಿನಲ್ಲಿ ಪರ್ವತನಂಥ ಡಿಜೆ ಇನ್ನೊಬ್ಬ ಇರಲಿಲ್ಲ. ಇದ್ದ ಅನ್ನುವವರು ಕರಕೊಂಡು ಬಂದು ತೋರಿಸಲಿ.

ಅವನ ಮೊದಲ ಆಲ್ಬಂ 'ಪರ್ವತ ಒಂದು' ಬಂದಾಗ ಕಬ್ಬಿನ ಟ್ರ್ಯಾಕ್ಟರಿನಿಂದ ಹಿಡಿದು ಕಾಲೇಜಿನ ಗ್ಯಾದರಿಂಗಿನವರೆಗೆ ಎಲ್ಲ ಕಡೆ ಅದೇ ಬಡಿತ. ಆ ಬಡಿತ ಅವನು ಕಲಿತದ್ದು ಹೊಳೆದಂಡೆಯ ಮಠದ ದುಂಡಪ್ಪಜ್ಜನಿಂದ. ಅಜ್ಜ ಗೀಗೀ ಪದದ ಗುರು. ಅವರು ದಪ್ಪು ಬಡಿದರೆ ಹೊಳೆಯ ನೀರೂ ತಾಳಕ್ಕೆ ಹರಿಯುತ್ತದೆ ಎನ್ನುತ್ತಿದ್ದರು ಜನ.

ಎರಡನೇ ಆಲ್ಬಮ್ಮಿಗೆ ಪರ್ವತ ಅತಿಥಿಗಳನ್ನು ಕರೆದ. ಹುಬ್ಬಳ್ಳಿಯಿಂದ ಒಬ್ಬ, ಕಲಬುರಗಿಯಿಂದ ಒಬ್ಬಳು, ಇಬ್ಬರೂ ರ‍್ಯಾಪ್‌ನಲ್ಲಿ ಹೆಸರು ಮಾಡಿದವರು. ಊರಿನಿಂದ ಸಿದಗೊಂಡ.

ಸಿದಗೊಂಡ ಅಜ್ಜನ ಇನ್ನೊಬ್ಬ ಶಿಷ್ಯ. ಇಟ್ಟಂಗಿ ಸುಡುವ ಭಟ್ಟಿಯಲ್ಲಿ ದುಡಿಯುತ್ತಿದ್ದ. ಹಾಳೆಯಿಲ್ಲ, ಪೆನ್ನಿಲ್ಲ, ಕಣ್ಣು ಮುಚ್ಚಿ ನಿಂತಲ್ಲೇ ಪದ ಕಟ್ಟುತ್ತಿದ್ದ.

ಆಲ್ಬಂ ಬಿಡುವ ಮುಂಚೆ ಗುರುವಿನ ಕಿವಿಗೆ ಹಾಕಬೇಕಲ್ಲ. ಪರ್ವತ ಸ್ಪೀಕರ್ ಹೊತ್ತುಕೊಂಡು ಮಠಕ್ಕೆ ಬಂದ.

ಅಜ್ಜ ಕಣ್ಣು ಮುಚ್ಚಿ ಕೇಳಿದರು. ಯಾರೇ ಹಾಡಲಿ, ಸಾಲು ಕಾವೇರುವ ಹೊತ್ತಿಗೆ ಮೇಲೊಂದು ಕೂಗು ಬಂದು ಬೀಳುತ್ತಿತ್ತು: "ಪರ್ವತಾ!"

"ಇದು ಯಾರ ಕೂಗಲೇ?"

"ನಂದ್ರೀ ಅಜ್ಜಾರ. ಡಿಜೆ ಅಂದಮ್ಯಾಲ ಅಂವನ ಮುದ್ರಿ ಬೇಕಲ್ರೀ. ಇಲ್ಲಾಂದ್ರ ಬಡಿತ ಕದ್ದು ಒಯ್ತಾರ."

"ಸಿದಗೊಂಡನ ಪದದ ಕೊನಿಗೂ ನಿನ್ನ ಕೂಗೇ ಐತಿ."

"ಪದದ ಕೊನಿಗೆ ಹೆಸರು ಬರಬೇಕು ಅಂತ ಕಲಿಸಿದವರು ನೀವ ಅಲ್ರೀ?"

ಕಲಿಸಿದ್ದು ನಿಜ. ಗೀಗೀ ಪದದ ಕಡೆಯ ಸಾಲಿನಲ್ಲಿ ಹಾಡುವವನು ತಾನು ನೆನೆಯುವವರ ಹೆಸರಿಡುವುದು ವಾಡಿಕೆ. ಗುರುವಿನದೋ, ಊರಿನದೋ, ಅವನ ಮನಸ್ಸಿಗೆ ಬಂದವರದು.

"ಹಾಡಿದಾಂವ ಯಾರ ಹೆಸರು ಇಟ್ಟಿದ್ದ?"

ಪರ್ವತ ನಕ್ಕ. "ಯಾರಿಗ್ಗೊತ್ರೀ! ಜನಾ ಕೇಳೂದು ನನ್ನ ಹೆಸರು."

ಅಜ್ಜ ಎದ್ದು ಗಂಗಾಳದಲ್ಲಿ ರೊಟ್ಟಿ, ಝುಣಕ ತಂದಿಟ್ಟರು. "ನಮ್ಮ ಅತಿಥಿ ನೀ. ಉಣ್ಣು."

ಪರ್ವತ ರೊಟ್ಟಿ ಮುರಿದು ಬಾಯಿಗೆ ಒಯ್ದ.

"ದುಂಡಪ್ಪಾ!" ಅಜ್ಜ ಕಿವಿಯ ಹತ್ತಿರವೇ ಕೂಗಿದರು.

ತುತ್ತು ಕೈಜಾರಿತು. ಇನ್ನೊಂದು ಮುರಿದ.

"ದುಂಡಪ್ಪಾ!"

"ಅಜ್ಜಾರ, ಉಣ್ಣಾಕ ಬಿಡ್ರೀ!"

"ಉಣ್ಣಪಾ, ಬ್ಯಾಡ ಅಂದವರು ಯಾರು? ರೊಟ್ಟಿ ನಂದು ಅಲ್ಲೇನು, ಅದಕ್ಕ ಹೆಸರು ಹೇಳಾಕತ್ತೇನಿ. ದುಂಡಪ್ಪಾ!"

ಪರ್ವತ ಅರ್ಧಕ್ಕೇ ಎದ್ದ. ಮುದುಕರಿಗೆ ಅರಳುಮರಳು ಅಂದುಕೊಂಡು ಸ್ಪೀಕರ್ ಹೊತ್ತು ನಡೆದ.

ಅವತ್ತಿನ ತನಕ ಕೂಗು ಬೆರೆಯದ ಸಿದಗೊಂಡನ ಬರೀ ದನಿ ರೆಕಾರ್ಡಿಂಗ್ ಯಂತ್ರದಲ್ಲಿ ಬೇರೆಯಾಗಿಯೇ ಇತ್ತು. ಮನೆಗೆ ಬಂದ ಪರ್ವತ ಹಟಕ್ಕೆ ಬಿದ್ದು ತನ್ನ ಕೂಗನ್ನು ಇನ್ನಷ್ಟು ಜೋರು ಮಾಡಿದ. ಎಲ್ಲವನ್ನೂ ಕೂಡಿಸಿ ಒಂದು ಮಾಡಿದ. ಜಾಗ ಸಾಲದು ಅಂತ ಬರೀ ದನಿಗಳನ್ನು ಅಳಿಸಿಬಿಟ್ಟ.

'ಪರ್ವತ ಎರಡು' ಬಂತು. ಓಡಿತು ಅಂದರೆ ಹೇಗೆ, ಮೊದಲನೆಯದನ್ನು ಜನ ಮರೆತೇಬಿಟ್ಟರು.

ಸಿದಗೊಂಡ ಭಟ್ಟಿಯ ಧೂಳಿನಲ್ಲೇ ಬಾಗಿಲಿಗೆ ಬಂದು ನಿಂತ. "ಚಲೋ ಆಗೇತೋ. ಆದರ ಕೊನಿಗೆ..." ಎಂದ.

ಪರ್ವತನಿಗೆ ಫೋನ್ ಬಂತು. ಯಾವುದೋ ಊರಿನವರು ಕಾರ್ಯಕ್ರಮಕ್ಕೆ ಕರೆಯುತ್ತಿದ್ದರು. ಮಾತು ಮುಗಿಸಿ ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಆ ಮಳೆಗಾಲದಲ್ಲಿ ಕಾಮಾಲೆ ಸಿದಗೊಂಡನನ್ನು ಒಯ್ದಿತು.

ಮಣ್ಣು ಮಾಡಿ ಕೆಲವು ದಿನಕ್ಕೆ ಅವನ ತಾಯಿ ಬಾಳವ್ವ ಪರ್ವತನ ಮನೆಗೆ ಬಂದಳು.

"ತಮ್ಮಾ, ಅಂವ ನನಗ ಹೇಳಿದ್ದ. ಯವ್ವಾ, ಪದದ ಕೊನಿಗೆ ಒಂದು ಹೆಸರಿಟ್ಟೇನಿ, ನೀನ ಕೇಳು ಅಂತ. ಕೇಳಿದೆ. ಅಲ್ಲಿ ನಿನ್ನ ಹೆಸರೈತಲ್ಲಪಾ. ನಿನ್ನ ಹೆಸರೇ ಇಟ್ಟಿದ್ದನೇನು?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು.

ಸಿದಗೊಂಡ ಹಾಡುವಾಗ ಪರ್ವತ ಅವನ ಎದುರಿಗೇ ಇದ್ದ. ಆದರೆ ಕಿವಿ ಅಲ್ಲಿರಲಿಲ್ಲ. ತನ್ನ ಕೂಗು ಎಲ್ಲಿ ಇಟ್ಟರೆ ಚೆಂದ ಅನ್ನುವ ಗುಂಗಿನಲ್ಲಿತ್ತು.

"ನಂದಲ್ಲ ಯವ್ವಾ. ಯಾರದಂತ ನಾ ಕೇಳಿಸಿಕೊಳ್ಳಲಿಲ್ಲ."

"ಮತ್ತ ಆ ಕೂಗು ತೆಗದು ಕೇಳಸು."

"ತೆಗಿಯಾಕ ಬರೂದಿಲ್ಲ ಯವ್ವಾ. ಅಂವನ ಬರೀ ದನಿ ನಾನ ಅಳಿಸೇನಿ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ದಾರಿ ಕಾಣದೆ ಪರ್ವತ ಅವಳನ್ನು ಮಠಕ್ಕೆ ಕರೆದೊಯ್ದ. ನಡೆದದ್ದನ್ನೆಲ್ಲ ಅಜ್ಜನ ಮುಂದೆ ಹೇಳಿದ. ಅಜ್ಜ ದಪ್ಪು ಎತ್ತಿಕೊಂಡರು.

"ಅಂವನ ಪದ ಹಾಡು."

ಪರ್ವತ ಹಾಡಿದ. ಸ್ಪೀಕರ್ ಇಲ್ಲ, ಯಂತ್ರ ಇಲ್ಲ. ಕಡೆಯ ಸಾಲುಗಳು ಬಂದವು.

"ಇಟ್ಟಂಗಿ ಮ್ಯಾಲ ನನ್ನ ಬೆರಳು, ಗ್ವಾಡಿ ಯಾರದೋ. ಪದದ ತುಂಬ ನನ್ನ ಉಸಿರು, ಹೆಸರು ಮಾತ್ರ..."

ರೂಢಿಯಂತೆ ಎದೆ ಉಬ್ಬಿತು. ಬಾಯಿ ತೆರೆಯಿತು. ಕೂಗು ಬರಲಿಲ್ಲ.

ದಪ್ಪೂ ನಿಂತಿತು. ಹೊಳೆಯ ಸದ್ದೊಂದೇ ಉಳಿಯಿತು.

ಬಾಳವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಇನ್ನೊಮ್ಮೆ ಹಾಡಪಾ" ಎಂದಳು.

ಇನ್ನೊಮ್ಮೆ ಹಾಡಿದ. ಆ ಜಾಗ ಬಂತು. ಹಾಗೇ ಖಾಲಿ ಉಳಿಯಿತು.

ಅವಳು ಎದ್ದು, ಅಜ್ಜನ ಕಾಲಿಗೆ ನಮಸ್ಕರಿಸಿ, ಹೊಳೆದಂಡೆ ಹಿಡಿದು ಹೋದಳು. ಅವಳು ಮರೆಯಾಗುವವರೆಗೂ ಪರ್ವತ ತಲೆ ಎತ್ತಲಿಲ್ಲ.

"ಇನ್ನಮ್ಯಾಲ ಆ ಜಾಗದಾಗ ನಾ ಬಾಯಿ ತೆರೆಯೂದಿಲ್ರೀ, ಅಜ್ಜಾರ."

ಅಜ್ಜ ದಪ್ಪನ್ನು ಗೋಡೆಗೆ ಒರಗಿಸಿದರು.

"ಈಗ ಗಂಗಾಳ ಇಟ್ಟು ಸುಮ್ಮನ ಕುಂತಿ, ಪರ್ವತಾ. ಉಣ್ಣಾಂವ ಎದ್ದು ಹೋದ."